ವಿಶ್ರಾಂತಿಯಿಂದ ವ್ಯಾಯಾಮದವರೆಗೆ: ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ನಡಿಗೆಯ ಚರಿತ್ರೆ

'ನಡೆ' ಎಂಬ ಒಂದೇ ಧಾತುವಿನಿಂದ ನಮ್ಮ ಕನ್ನಡದಲ್ಲಿ ಎಷ್ಟೊಂದು ಮಾತುಗಳು ಹುಟ್ಟಿವೆ! ನಡತೆ, ನಡವಳಿಕೆ, ನಡಾವಳಿ, ನಡೆನುಡಿ. ಸಂಸಾರ 'ನಡೆಯುತ್ತದೆ', ಅಂಗಡಿ 'ನಡೆಯುತ್ತದೆ', ಜಾತ್ರೆಯೂ 'ನಡೆಯುತ್ತದೆ'. ಕೈಲಾಗದ ಕೆಲಸಕ್ಕೆ 'ಅದು ನಡೆಯುವುದಿಲ್ಲ' ಎನ್ನುತ್ತೇವೆ. ಎರಡು ಕಾಲಿನ ಮೇಲೆ ಹೆಜ್ಜೆ ಇಡುವ ಕ್ರಿಯೆಯನ್ನು ನಮ್ಮ ಹಿರಿಯರು ಬದುಕಿಗೇ ಪರ್ಯಾಯವಾಗಿ ಬಳಸಿದ್ದಾರೆ. ಹಾಗಿರುವಾಗ ನಡಿಗೆಯನ್ನು ಕಳೆದುಕೊಳ್ಳುತ್ತಿರುವ ಮನುಷ್ಯ ಏನೇನನ್ನು ಕಳೆದುಕೊಳ್ಳುತ್ತಾನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಡಿಗೆಯನ್ನು ಕಸಿಯುವ ರೋಗಗಳು ನಮ್ಮ ನಾಡಿಗೆ ಹೊಸವಲ್ಲ. ಲಕ್ವಾ ಹೊಡೆದವರನ್ನು ಎಲ್ಲ ಊರುಗಳಲ್ಲೂ ಕಂಡಿದ್ದೇವೆ. ಪೋಲಿಯೊದಿಂದ ಕಾಲು ಸೊರಗಿದ ಮಕ್ಕಳು ನಮ್ಮ ತಲೆಮಾರಿನ ಶಿಕ್ಷಕರ ತರಗತಿಗಳಲ್ಲಿ ಇದ್ದೇ ಇರುತ್ತಿದ್ದರು. ಭಾರತದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು 1970ರ ದಶಕದಲ್ಲಿ ಒಂದು ಕೀಲುರೋಗದ ಹೆಸರೇ ಆಗಿಹೋದದ್ದನ್ನು ಹಿರಿಯ ಓದುಗರು ಬಲ್ಲರು. ಇವೆಲ್ಲಕ್ಕೂ ಜನರ ಬಾಯಲ್ಲಿ ಒಂದೊಂದು ಹೆಸರಿದೆ. ಆದರೆ ಯೌವನದಲ್ಲಿಯೇ ಬಂದು, ಮಾಯವಾದಂತೆ ತೋರಿ, ಮತ್ತೆ ಬಂದು, ಕ್ರಮೇಣ ಸ್ನಾಯುಗಳ ಬಲವನ್ನೂ ನಡಿಗೆಯನ್ನೂ ದೇಹದ ಸಮತೋಲವನ್ನೂ ಕೆಡಿಸುವ ಇನ್ನೊಂದು ರೋಗವಿದೆ. ಅದಕ್ಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೆಸರಿಲ್ಲ. ವೈದ್ಯರು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ, ಸಂಕ್ಷೇಪವಾಗಿ ಎಂ.ಎಸ್. ಹೆಸರಿಲ್ಲದ ರೋಗಕ್ಕೆ ಊರ ಜನ ತಾವೇ ಹೆಸರಿಡುತ್ತಾರೆ. ಗಂಡಸು ತೂರಾಡಿದರೆ ಕುಡಿದಿದ್ದಾನೆ ಎನ್ನುತ್ತಾರೆ. ಹೆಂಗಸು ತೂರಾಡಿದರೆ ನಿಶ್ಶಕ್ತಿ ಎನ್ನುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎನ್ನುತ್ತಾರೆ.

ಈ ರೋಗದ ಚರಿತ್ರೆಯನ್ನು ಓದುತ್ತ ಹೋದ ಹಾಗೆ ಅದರೊಳಗೇ ಅಡಗಿರುವ ಇನ್ನೊಂದು ಚರಿತ್ರೆ ನನ್ನ ಗಮನವನ್ನು ಸೆಳೆಯಿತು. ಈ ರೋಗಿಗಳನ್ನು ಒಂದು ಶತಮಾನದುದ್ದಕ್ಕೂ ಕೂಡ್ರಿಸಿದ, ಆಮೇಲೆ ನಿಧಾನವಾಗಿ ಎಬ್ಬಿಸಿ ನಿಲ್ಲಿಸಿದ ಚರಿತ್ರೆ ಅದು. ಅದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮೊದಲಿಗೆ ರೋಗದ ಸ್ವರೂಪ. ಮಿದುಳಿನಿಂದ ಬೆನ್ನುಹುರಿಯ ಮೂಲಕ ಸ್ನಾಯುಗಳಿಗೆ ಆಜ್ಞೆಯನ್ನು ಒಯ್ಯುವ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ದೇಹವನ್ನು ರಕ್ಷಿಸಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಪ್ಪು ಗ್ರಹಿಕೆಯಿಂದ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಹೊದಿಕೆ ಹರಿದ ಜಾಗದಲ್ಲಿ ಆಜ್ಞೆ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ನಮ್ಮ ಕಡೆಯ ರೈತರಿಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ: ಬಾವಿಯ ಪಂಪ್‌ಸೆಟ್ಟಿನ ಮೋಟರು ನೆಟ್ಟಗಿದೆ, ಆದರೆ ಅದಕ್ಕೆ ಬರುವ ವೈರು ಅಲ್ಲಲ್ಲಿ ಸುಲಿದುಹೋಗಿದೆ. ಮೋಟರು ಎಂದರೆ ಸ್ನಾಯು, ವೈರು ಎಂದರೆ ನರ. ಇನ್ನೊಂದು ಸಂಗತಿಯೂ ರೈತರಿಗೆ ಗೊತ್ತಿದೆ. ವೈರಿನ ದೋಷದಿಂದಾಗಿ ತಿಂಗಳುಗಟ್ಟಲೆ ತಿರುಗದೆ ನಿಂತ ಮೋಟರು ಕೊನೆಗೆ ತಾನೂ ತುಕ್ಕು ಹಿಡಿಯುತ್ತದೆ. ಎಂ.ಎಸ್. ರೋಗಿಯ ಕಾಲಿನ ಬಲಹೀನತೆಯಲ್ಲಿಯೂ ಹೀಗೆ ಎರಡು ಪದರಗಳಿವೆ. ನರಕ್ಕೆ ಆದ ಹಾನಿಯದು ಒಂದು, ಬಳಸದೆ ಬಿಟ್ಟದ್ದರಿಂದ ಬಂದದ್ದು ಇನ್ನೊಂದು. ಮೊದಲನೆಯದನ್ನು ವ್ಯಾಯಾಮದಿಂದ ಅಳಿಸಲಾಗದು. ಎರಡನೆಯದನ್ನು ಬಹುಮಟ್ಟಿಗೆ ಹಿಮ್ಮೆಟ್ಟಿಸಬಹುದು. ಈ ಎರಡನ್ನೂ ಬೇರ್ಪಡಿಸಿ ನೋಡಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ರೋಗದ ಮೊದಲ ವಿವರವಾದ ದಾಖಲೆಯನ್ನು ಬಿಟ್ಟುಹೋದವನು ವೈದ್ಯನಲ್ಲ, ರೋಗಿ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗನಾದ ಸರ್ ಅಗಸ್ಟಸ್ ಡೆಸ್ಟೆ 1794ರಲ್ಲಿ ಹುಟ್ಟಿದವನು. 1822ರ ಡಿಸೆಂಬರಿನಲ್ಲಿ, ಆತ್ಮೀಯನೊಬ್ಬನ ಅಂತ್ಯಕ್ರಿಯೆಯ ನಂತರ, ಅವನ ಕಣ್ಣು ಇದ್ದಕ್ಕಿದ್ದಂತೆ ಮಂಜಾಯಿತು. ಬಂದ ಕಾಗದಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಕೆಲದಿನಗಳಲ್ಲಿ ಕಣ್ಣು ತಾನಾಗಿಯೇ ಸರಿಹೋಯಿತು. ಐದು ವರ್ಷಗಳ ನಂತರ ಇಟಲಿಯ ಫ್ಲಾರೆನ್ಸಿನಲ್ಲಿದ್ದಾಗ ವಸ್ತುಗಳು ಎರಡೆರಡಾಗಿ ಕಾಣಿಸಿದವು, ಕಾಲುಗಳ ಬಲ ಕುಗ್ಗಿತು. ವೈದ್ಯರು ದಿನಕ್ಕೆ ಎರಡು ಬಾರಿ ಗೋಮಾಂಸವನ್ನೂ ಬಗೆಬಗೆಯ ಮದ್ಯವನ್ನೂ ವಿಧಿಸಿದರು. ಆತ ಏನನ್ನೂ ಬಿಡಲಿಲ್ಲ, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟ. ಕಾಲು ಎಳೆಯುವುದು, ನಿಂತಾಗ ಓಲುವುದು, ಊರುಗೋಲು, ಕೊನೆಗೆ ಗಾಲಿಕುರ್ಚಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಥೆ ಅದರಲ್ಲಿದೆ. 1848ರಲ್ಲಿ ಆತ ತೀರಿಕೊಂಡಾಗ ಅವನ ರೋಗಕ್ಕೆ ಇನ್ನೂ ಹೆಸರೇ ಇರಲಿಲ್ಲ. ಆ ದಿನಚರಿ ಬೆಳಕಿಗೆ ಬಂದದ್ದು ಸುಮಾರು ಒಂದು ಶತಮಾನದ ನಂತರ.

ಅಷ್ಟರಲ್ಲಿ ಶವಪರೀಕ್ಷೆಯ ಮೇಜಿನ ಮೇಲೆ ಬೇರೊಂದು ಸುಳಿವು ಸಿಕ್ಕಿತ್ತು. ಸ್ಕಾಟ್ಲೆಂಡಿನ ರಾಬರ್ಟ್ ಕಾರ್ಸ್‌ವೆಲ್ 1838ರಲ್ಲಿ ಪ್ರಕಟಿಸಿದ ಚಿತ್ರಸಂಪುಟದಲ್ಲಿ ಬೆನ್ನುಹುರಿಯ ಮೇಲಿನ ವಿಚಿತ್ರ ಕಲೆಗಳನ್ನು ಬಣ್ಣದಲ್ಲಿ ಬಿಡಿಸಿದ್ದ. ಸುಮಾರು ಅದೇ ಕಾಲದಲ್ಲಿ ಪ್ಯಾರಿಸಿನ ಕ್ರೂವೇಲಿಯೇ ಕೂಡ ಅಂಥವೇ ಕಲೆಗಳನ್ನು ಕಂಡ. ಆ ಕಲೆಗಳಿಗೂ ಬದುಕಿದ್ದಾಗ ರೋಗಿ ತೂರಾಡುತ್ತಿದ್ದುದಕ್ಕೂ ಖಚಿತವಾದ ಸಂಬಂಧ ಕಲ್ಪಿಸಿ, 1868ರಲ್ಲಿ ರೋಗಕ್ಕೆ ಹೆಸರನ್ನೂ ಲಕ್ಷಣವನ್ನೂ ಕೊಟ್ಟವನು ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜೀನ್ ಮಾರ್ಟಿನ್ ಶಾರ್ಕೋ. 'ತೇಪೆ ತೇಪೆಯಾಗಿ ಗಡಸುಗಟ್ಟಿದ್ದು' ಎಂಬುದು ಅವನಿಟ್ಟ ಹೆಸರಿನ ಅರ್ಥ. ಅವನ ಮನೆಯಲ್ಲಿ ಕೈ ನಡುಗಿ ಪಿಂಗಾಣಿ ಪಾತ್ರೆಗಳನ್ನು ಒಡೆಯುತ್ತಿದ್ದ ಕೆಲಸದಾಕೆಯೊಬ್ಬಳಿದ್ದಳೆಂದೂ, ಅವಳನ್ನು ಬಿಡಿಸದೆ ಉಳಿಸಿಕೊಂಡು ವರ್ಷಗಳ ಕಾಲ ಗಮನಿಸಿದನೆಂದೂ ವೈದ್ಯಚರಿತ್ರೆಯಲ್ಲಿ ಒಂದು ಕಥೆಯಿದೆ. ಶಾರ್ಕೋ ರೋಗವನ್ನು ಗುರುತಿಸುವುದನ್ನು ಜಗತ್ತಿಗೆ ಕಲಿಸಿದ. ಗುರುತಿಸಿದ ಮೇಲೆ ಮಾಡುವುದೇನು ಎಂಬುದಕ್ಕೆ ಅವನಲ್ಲಿಯೂ ಉತ್ತರವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಈ ವೈದ್ಯರು ನಡಿಗೆಯನ್ನು ನೋಡಿದ ರೀತಿ ಮಾತ್ರ ಮೆಚ್ಚತಕ್ಕದ್ದು. ಯಂತ್ರಗಳಿಲ್ಲದ ಕಾಲ, ಕಣ್ಣೇ ಯಂತ್ರ. ಬರ್ಲಿನ್ನಿನ ಮೋರಿಟ್ಸ್ ರೋಂಬರ್ಗ್ 1840ರ ದಶಕದ ತನ್ನ ಗ್ರಂಥದಲ್ಲಿ ಒಂದು ಸರಳ ಪರೀಕ್ಷೆಯನ್ನು ಬರೆದ. ರೋಗಿಯ ಪಾದಗಳೆರಡನ್ನೂ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸುವುದು. ಕಣ್ಣು ತೆರೆದಾಗ ನೆಟ್ಟಗೆ ನಿಂತವನು ಮುಚ್ಚಿದೊಡನೆ ಓಲಾಡಿದರೆ, ಅಂಗಾಲು ಮತ್ತು ಕೀಲುಗಳಿಂದ ಮಿದುಳಿಗೆ ಹೋಗಬೇಕಾದ ವರದಿ ತಪ್ಪಿದೆ ಎಂದು ಅರ್ಥ. ನಾವು ನಿಲ್ಲುವುದು ಮೂರು ಸಾಕ್ಷಿಗಳ ಮೇಲೆ: ಕಣ್ಣು, ಒಳಗಿವಿ, ಅಂಗಾಲು. ಒಂದು ಸಾಕ್ಷಿ ಸುಳ್ಳಾದರೆ ಉಳಿದೆರಡು ಕಾಯುತ್ತವೆ. ಎರಡು ಹೋದರೆ ನೆಲವೇ ನೆಂಟ. ಎಂ.ಎಸ್. ಕಣ್ಣಿನ ನರವನ್ನೂ, ಸಮತೋಲವನ್ನು ನಿರ್ವಹಿಸುವ ಕಿರುಮಿದುಳನ್ನೂ, ಬೆನ್ನುಹುರಿಯನ್ನೂ ಮುಟ್ಟಬಲ್ಲದು. ಹಗಲು ಹೇಗೋ ನಡೆದಾಡುವ ರೋಗಿ ರಾತ್ರಿ ಕರೆಂಟು ಹೋದಾಗ ಬಚ್ಚಲಿನ ದಾರಿಯಲ್ಲಿ ಬೀಳುವುದು ಇದೇ ಕಾರಣಕ್ಕೆ. ರೋಂಬರ್ಗನ ಪರೀಕ್ಷೆಯನ್ನು ಕತ್ತಲೆಯೇ ಮಾಡಿಬಿಡುತ್ತದೆ.

ಶಾರ್ಕೋನ ಶಿಷ್ಯ ಜಿಲ್ ದ ಲಾ ಟೂರೆಟ್ 1886ರಲ್ಲಿ ನಡಿಗೆಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದ. ಅವನ ವಿಧಾನ ನಮ್ಮ ಓದುಗರಿಗೆ ಆಪ್ತವೆನಿಸೀತು. ಗೋಡೆಗೆ ಅಂಟಿಸುವ ಕಾಗದದ ಏಳೆಂಟು ಮೀಟರ್ ಉದ್ದದ ಸುರುಳಿಯನ್ನು ನೆಲದ ಮೇಲೆ ಹಾಸಿ, ರೋಗಿಗಳ ಅಂಗಾಲಿಗೆ ಕೆಂಪು ಕಬ್ಬಿಣದ ಪುಡಿಯನ್ನು ಹಚ್ಚಿ, ಅದರ ಮೇಲೆ ನಡೆಸುತ್ತಿದ್ದ. ಗೋಕುಲಾಷ್ಟಮಿಯ ದಿನ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಬಾಲಕೃಷ್ಣನ ಹೆಜ್ಜೆಗಳನ್ನು ಮೂಡಿಸುವ ನಮ್ಮ ತಾಯಂದಿರು ಅದನ್ನು ನೋಡಿದ್ದರೆ ಅಚ್ಚರಿಪಡುತ್ತಿರಲಿಲ್ಲ. ಹೆಜ್ಜೆಯ ಉದ್ದ, ಪಾದಗಳ ನಡುವಿನ ಅಂತರ, ನೆಲಕ್ಕೆ ತೀಡುವ ಬೆರಳು, ಎಲ್ಲವೂ ಆ ಕಾಗದದ ಮೇಲೆ ಕೆಂಪಾಗಿ ಉಳಿಯುತ್ತಿದ್ದವು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಒತ್ತಡವನ್ನು ಅಳೆಯುವ ಚಾಪೆಗಳಿವೆ, ಕ್ಯಾಮೆರಾಗಳಿವೆ, ತತ್ತ್ವ ಅದೇ.

ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಸಣ್ಣ ಊರಿನಲ್ಲಿ ಹೈನ್ರಿಖ್ ಫ್ರೆಂಕೆಲ್ ಎಂಬ ವೈದ್ಯನಿದ್ದ. ಬೆರಳಿನಿಂದ ಮೂಗು ಮುಟ್ಟುವ ಪರೀಕ್ಷೆಯಲ್ಲಿ ಸೋತ ರೋಗಿಯೊಬ್ಬ ಅದನ್ನೇ ಮನೆಯಲ್ಲಿ ಅಭ್ಯಾಸ ಮಾಡಿ, ಮರಳಿ ಬಂದಾಗ ಗೆದ್ದು ತೋರಿಸಿದ. ಪರೀಕ್ಷೆಯಲ್ಲಿ ನಪಾಸಾದ ಹುಡುಗ ಓದಿ ಪಾಸಾದಂತೆ! ಬೇರೆ ವೈದ್ಯನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದನೇನೋ. ಫ್ರೆಂಕೆಲ್ ಮಾತ್ರ, ಕೆಟ್ಟ ನರಮಂಡಲವೂ ಕಲಿಯಬಲ್ಲದು ಎಂಬ ದೊಡ್ಡ ಪಾಠವನ್ನು ಅಲ್ಲಿ ಕಂಡ. ನಿಧಾನವಾಗಿ, ಎಣಿಸುತ್ತ, ಕಣ್ಣಿನಿಂದ ನೋಡುತ್ತ, ಮೊದಲು ಮಲಗಿ, ಆಮೇಲೆ ಕುಳಿತು, ಆಮೇಲೆ ನಿಂತು ಮಾಡುವ ಅಭ್ಯಾಸಗಳ ಸರಣಿಯನ್ನು ಅವನು ರೂಪಿಸಿದ. ಫ್ರೆಂಕೆಲ್ ವ್ಯಾಯಾಮಗಳೆಂದು ಇಂದಿಗೂ ಫಿಜಿಯೋಥೆರಪಿ ವಿದ್ಯಾರ್ಥಿಗಳು ಕಲಿಯುವುದು ಅವನ್ನೇ. ಆದರೆ ಅವನು ಅವುಗಳನ್ನು ಮಾಡಿದ್ದು ಮುಖ್ಯವಾಗಿ ಟೇಬಿಸ್ ಎಂಬ, ಸಿಫಿಲಿಸ್‌ನಿಂದ ಬರುವ ಬೆನ್ನುಹುರಿಯ ರೋಗಕ್ಕಾಗಿ.

ಎಂ.ಎಸ್. ರೋಗಿಗಳ ಪಾಲಿಗೆ ಬಂದದ್ದು ಇದಕ್ಕೆ ವಿರುದ್ಧವಾದ ಉಪದೇಶ. 1890ರಲ್ಲಿ ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಊಟ್‌ಹಾಫ್, ಈ ರೋಗಿಗಳಲ್ಲಿ ಕೆಲವರಿಗೆ ದೇಹಶ್ರಮವಾದೊಡನೆ ಕಣ್ಣು ಮಂಜಾಗುತ್ತದೆಂದು ಬರೆದ. ಗಮನಿಸಿದ್ದು ನಿಜವೇ ಆಗಿತ್ತು. ಕಾರಣ ಶ್ರಮವಲ್ಲ, ಶ್ರಮದಿಂದ ಏರುವ ಮೈಶಾಖ ಎಂಬುದು ಮುಂದೆ ತಿಳಿಯಿತು. ಹೊದಿಕೆ ಹರಿದ ನರದಲ್ಲಿ ಸಂದೇಶ ಹೇಗೋ ಹಾಯುತ್ತಿರುತ್ತದೆ. ಮೈ ಸ್ವಲ್ಪ ಬಿಸಿಯಾದರೂ ಅದು ತಡೆಯುತ್ತದೆ. ಮೈ ತಣಿದಾಗ ಮತ್ತೆ ಹಾಯುತ್ತದೆ. ಇದು ತಾತ್ಕಾಲಿಕ, ನರಕ್ಕೆ ಹೊಸ ಹಾನಿಯೇನೂ ಆಗಿರುವುದಿಲ್ಲ. ಎಂ.ಆರ್.ಐ. ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂಡ್ರಿಸಿ, ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗವನ್ನು ಖಚಿತಪಡಿಸಿಕೊಳ್ಳುವ ಪದ್ಧತಿಯೂ ಇತ್ತು. ಆದರೆ ತಾತ್ಕಾಲಿಕವಾದ ಈ ಏರಿಳಿತವನ್ನು ಕಂಡು ವೈದ್ಯರು ಬೆದರಿದರು. ಶ್ರಮ ಬೇಡ, ಇರುವ ಶಕ್ತಿಯನ್ನು ಉಳಿಸಿಕೊಳ್ಳಿ, ವಿಶ್ರಾಂತಿ ತೆಗೆದುಕೊಳ್ಳಿ ಎಂಬುದು ಸಲಹೆಯಾಯಿತು. ಅದು 1990ರ ದಶಕದವರೆಗೂ ಬಹುಮಟ್ಟಿಗೆ ಉಳಿದುಕೊಂಡಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಅಮೆರಿಕದ ಥಾಮಸ್ ಡಿಲೋರ್ಮ್ ಭಾರ ಎತ್ತಿಸತೊಡಗಿದ. ಇಂದು ಎತ್ತಿದ್ದಕ್ಕಿಂತ ಮುಂದಿನ ವಾರ ಸ್ವಲ್ಪ ಹೆಚ್ಚು ಎಂಬುದು ಅವನ ಸೂತ್ರ. 1945ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಉತ್ತರ ಕರ್ನಾಟಕದ ಗರಡಿಮನೆಗಳ ಉಸ್ತಾದರಿಗೆ ಇದು ಹೊಸ ಸಂಗತಿಯೇ ಅಲ್ಲ. ಬಸಕಿ, ಸಾಮು, ಕಲ್ಲುಗುಂಡು ಎಲ್ಲದರಲ್ಲಿಯೂ ಹಂತಹಂತದ ಏರಿಕೆಯೇ ಅವರ ಶಾಸ್ತ್ರ. ಅದೇ 1945ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸಿಲ್ವಿಯಾ ಲಾರಿ ಎಂಬ ಯುವತಿ, ಎಂ.ಎಸ್. ಪೀಡಿತನಾದ ತನ್ನ ತಮ್ಮನಿಗಾಗಿ, ಈ ರೋಗದಿಂದ ಗುಣವಾದವರು ಯಾರಾದರೂ ಇದ್ದರೆ ತಿಳಿಸಬೇಕೆಂದು ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟಳು. ಗುಣವಾದವರಾರೂ ಬರೆಯಲಿಲ್ಲ, ತಮಗೂ ತಿಳಿಸಿ ಎಂದು ರೋಗಿಗಳೂ ಅವರ ಮನೆಯವರೂ ಬರೆದರು. ಮರುವರ್ಷ ಅಮೆರಿಕದ ಎಂ.ಎಸ್. ಸಂಸ್ಥೆ ಹುಟ್ಟಿದ್ದು ಆ ಕಾಗದಗಳಿಂದ. ಸೈನಿಕನ ಕಾಲಿಗೆ ಭಾರ, ಎಂ.ಎಸ್. ರೋಗಿಯ ಕಾಲಿಗೆ ಕಂಬಳಿ. ಒಂದೇ ದೇಶ, ಒಂದೇ ವರ್ಷ.

ರೋಗವನ್ನು ಅಳೆಯುವ ಕೆಲಸ ಮಾತ್ರ ಮುಂದುವರಿಯಿತು. ಅಮೆರಿಕದ ನರರೋಗತಜ್ಞ ಜಾನ್ ಕರ್ಟ್ಸ್‌ಕಿ 1955ರಲ್ಲಿ ಒಂದು ಅಳತೆಗೋಲನ್ನು ರಚಿಸಿ, 1983ರಲ್ಲಿ ಅದನ್ನು ವಿಸ್ತರಿಸಿದ. ಸೊನ್ನೆಯಿಂದ 10ರವರೆಗಿನ ಅಂಕಗಳು; ಶಾಲೆಯ ಅಂಕಪಟ್ಟಿಗೆ ತಲೆಕೆಳಗು, ಇಲ್ಲಿ ಸೊನ್ನೆಯೇ ಉತ್ತಮ. 4 ಅಂಕದ ರೋಗಿ ಯಾವ ಆಸರೆಯೂ ಇಲ್ಲದೆ ಸುಮಾರು 500 ಮೀಟರ್ ನಡೆಯಬಲ್ಲ. 6 ಎಂದರೆ ಒಂದು ಕೋಲು ಹಿಡಿದು ಸುಮಾರು 100 ಮೀಟರ್. 6.5 ಎಂದರೆ ಎರಡೂ ಕಡೆ ಆಸರೆ ಹಿಡಿದು 20 ಮೀಟರ್. 7ಕ್ಕೆ ಗಾಲಿಕುರ್ಚಿ. ಅಳತೆಗೋಲಿನ ನಡುಭಾಗವೆಲ್ಲ ನಡಿಗೆಯೇ. ಆಮೇಲೆ ಇನ್ನಷ್ಟು ಸರಳ ಪರೀಕ್ಷೆಗಳು ಬಂದವು. 25 ಅಡಿ ದೂರವನ್ನು ಎಷ್ಟು ಸೆಕೆಂಡಿನಲ್ಲಿ ನಡೆಯುತ್ತಾರೆ? ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂಡ್ರಲು ಎಷ್ಟು ಹೊತ್ತು ಬೇಕು? ಕೆನಡಾದ ಕ್ಯಾಥರೀನ್ ಬರ್ಗ್ 1989ರಲ್ಲಿ ವೃದ್ಧರಿಗಾಗಿ ರೂಪಿಸಿದ 14 ಪ್ರಶ್ನೆಗಳ, 56 ಅಂಕಗಳ ಸಮತೋಲ ಪರೀಕ್ಷೆ ಈ ರೋಗಿಗಳಿಗೂ ಬಳಕೆಯಾಯಿತು. ಇವಕ್ಕೆ ಬೇಕಾದದ್ದು ಒಂದು ಕುರ್ಚಿ, ಒಂದು ಟೇಪು, ಒಂದು ಗಡಿಯಾರ. ಹಳ್ಳಿಯ ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿಯೂ ಮಾಡಬಹುದು.

ಅಳೆಯಲು ಬಂದ ಮೇಲೆ, ವಿಶ್ರಾಂತಿಯೇ ಸರಿಯೆಂಬ ನಂಬಿಕೆಯನ್ನೂ ಅಳೆದು ನೋಡುವುದು ಸಾಧ್ಯವಾಯಿತು. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಪೆಟಾಜಾನ್ ಮತ್ತು ಸಂಗಡಿಗರು ಎಂ.ಎಸ್. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ 40 ನಿಮಿಷದಂತೆ, 15 ವಾರಗಳ ಕಾಲ ಕೈಕಾಲುಗಳಿಂದ ತುಳಿಯುವ ಸೈಕಲ್ ಯಂತ್ರದ ವ್ಯಾಯಾಮ ಮಾಡಿಸಿದರು. ಆ ಗುಂಪಿನವರ ದಮ್ಮಿನ ಶಕ್ತಿ ನೂರಕ್ಕೆ ಇಪ್ಪತ್ತೆರಡರಷ್ಟು ಹೆಚ್ಚಿತು, ಕೈಕಾಲಿನ ಬಲ ಹೆಚ್ಚಿತು, ಮನಸ್ಸಿನ ಖಿನ್ನತೆ ಇಳಿಯಿತು. ಎಲ್ಲರೂ ಹೆದರಿದ್ದಂತೆ ರೋಗ ಉಲ್ಬಣಿಸಲಿಲ್ಲ. 2009ರಲ್ಲಿ ಡೆನ್ಮಾರ್ಕಿನ ಡಾಲ್ಗಾಸ್ ಮತ್ತು ಸಂಗಡಿಗರು ಡಿಲೋರ್ಮನ ಸೂತ್ರವನ್ನೇ ಈ ರೋಗಿಗಳ ಕಾಲಿಗೆ ಅನ್ವಯಿಸಿದರು. 12 ವಾರಗಳ ಭಾರದ ವ್ಯಾಯಾಮದಿಂದ ಸ್ನಾಯುಬಲವೂ ಕುರ್ಚಿಯಿಂದ ಏಳುವ, ಮೆಟ್ಟಿಲೇರುವ, ನಡೆಯುವ ಸಾಮರ್ಥ್ಯವೂ ಸುಧಾರಿಸಿದವು. ಇಟಲಿಯಲ್ಲಿ ಕಟಾನೆಯೋ ಮತ್ತು ಸಂಗಡಿಗರು 2007ರಲ್ಲಿ, ಸಮತೋಲಕ್ಕೆಂದೇ ರೂಪಿಸಿದ ಅಭ್ಯಾಸದಿಂದ ರೋಗಿಗಳು ಬೀಳುವುದು ಕಡಿಮೆಯಾಗುತ್ತದೆಂದು ತೋರಿಸಿದರು. ಫ್ರೆಂಕೆಲನ ಪಾಠ ನೂರು ವರ್ಷಗಳ ನಂತರ ಸರಿಯಾದ ವಿಳಾಸಕ್ಕೆ ತಲುಪಿದಂತಾಯಿತು.

ಇದರ ನಡುವೆ ಔಷಧಗಳೂ ಬಂದವು. 1993ರಿಂದೀಚೆಗೆ ರೋಗದ ದಾಳಿಗಳನ್ನು ಕಡಿಮೆ ಮಾಡುವ ಚಿಕಿತ್ಸೆಗಳು ಒಂದೊಂದಾಗಿ ದೊರೆತವು. ನಡಿಗೆಯ ವೇಗವನ್ನೇ ಸುಧಾರಿಸಲೆಂದು ಫ್ಯಾಂಪ್ರಿಡಿನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ದೊರೆಯಿತು. ಅದು ಎಲ್ಲರಿಗೂ ಫಲ ಕೊಡುವುದಿಲ್ಲ, ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳತಕ್ಕದ್ದೂ ಅಲ್ಲ. ಔಷಧ ವೈರನ್ನು ಕಾಯುತ್ತದೆ. ಮೋಟರಿನ ತುಕ್ಕನ್ನು ತೆಗೆಯುವ ಕೆಲಸ ಮಾತ್ರ ವ್ಯಾಯಾಮದ್ದೇ.

ಇನ್ನು ನಮ್ಮ ನಾಡಿಗೆ ಬರೋಣ. ಎಂ.ಎಸ್. ಎಂಬುದು ಶೀತದೇಶದ ಬಿಳಿಯರ ರೋಗ, ನಮ್ಮಲ್ಲಿ ಅಪರೂಪ ಎಂಬ ಭಾವನೆ ಬಹುಕಾಲ ಬಲವಾಗಿತ್ತು. ಉತ್ತರ ಯುರೋಪಿನಲ್ಲಿ ಲಕ್ಷ ಜನರಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಈ ರೋಗವಿರುವುದನ್ನು ನೋಡಿದರೆ ನಮ್ಮಲ್ಲಿ ಕಡಿಮೆ ಎಂಬುದು ನಿಜ. ಆದರೆ ಕಡಿಮೆ ಎಂಬುದಕ್ಕೂ ಕಾಣುವುದಿಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಮಿದುಳಿನ ಕಲೆಗಳನ್ನು ಜೀವಂತ ರೋಗಿಯಲ್ಲಿಯೇ ತೋರಿಸುವ ಎಂ.ಆರ್.ಐ. ಯಂತ್ರಗಳು ಬಂದ ಮೇಲೆ ಭಾರತದ ವೈದ್ಯರ ಲೆಕ್ಕವೂ ಬದಲಾಯಿತು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರು ಈ ಬಗೆಯ ರೋಗಗಳ ಒಂದು ದಾಖಲಾತಿಯನ್ನೇ ಕಟ್ಟಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಮಂಗಳೂರು ನಗರದಲ್ಲಿ ಎಂ.ಎಸ್. ಇರುವವರು ಲಕ್ಷಕ್ಕೆ ಸುಮಾರು 8 ಮಂದಿ. ಇದೇ ಪ್ರಮಾಣವನ್ನು ನಮ್ಮ ಹಾವೇರಿ ಜಿಲ್ಲೆಗೆ ಹಿಡಿದು ಗುಣಿಸಿ ನೋಡಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ಉತ್ತರ 128. ಇದು ಮಾಸ್ತರನೊಬ್ಬನ ಗುಣಾಕಾರವೇ ಹೊರತು ಮನೆಮನೆಯ ಎಣಿಕೆಯಲ್ಲ. ಆದರೂ ಮೂರು ತರಗತಿಗಳನ್ನು ತುಂಬುವಷ್ಟು ಜನ ಎಂದು ಯೋಚಿಸಿದಾಗ ಸುಮ್ಮನಿರಲಾಗಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1993ರಿಂದ 1995ರವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರಗಳಲ್ಲಿ ಮನೆಮನೆಗೆ ಹೋಗಿ ಲಕ್ಷಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದ ಸಮೀಕ್ಷೆಯೊಂದಿದೆ. ಡಾ. ಗೌರಿದೇವಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅದರ ಫಲಿತಾಂಶದಂತೆ, ಎಲ್ಲ ಬಗೆಯ ನರರೋಗಗಳೂ ಸೇರಿ ನಗರದಲ್ಲಿ ಲಕ್ಷಕ್ಕೆ 2,190 ಮಂದಿ, ಹಳ್ಳಿಗಳಲ್ಲಿ 4,070 ಮಂದಿ. ಅಂದರೆ ರೋಗ ಹಳ್ಳಿಯಲ್ಲಿ ಹೆಚ್ಚುಕಡಿಮೆ ಇಮ್ಮಡಿ. ನರರೋಗತಜ್ಞರು ಇರುವುದು ನಗರದಲ್ಲಿ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 1985ರಲ್ಲಿ ಸ್ಥಾಪನೆಯಾದ ಭಾರತದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ ಶಾಖೆ ಬೆಂಗಳೂರಿನಲ್ಲಿದೆ. ಕಾನೂನಿನ ಕಣ್ಣಿಗೆ ಈ ರೋಗ ಬಿದ್ದದ್ದು ಮಾತ್ರ ತೀರ ಈಚೆಗೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಇದ್ದದ್ದು 7 ಬಗೆಯ ವೈಕಲ್ಯಗಳು, ಎಂ.ಎಸ್. ಅವುಗಳಲ್ಲಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಅದನ್ನು 21ಕ್ಕೆ ಏರಿಸಿದಾಗ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಮೊದಲ ಬಾರಿಗೆ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಬೆಳಿಗ್ಗೆ ನಡೆಯಬಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಲೂ ಆಗದ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ಶಾಸನವೂ ಒಪ್ಪಿಕೊಂಡಂತಾಯಿತು.

ಹುಲಗೂರಿನವನಾದ ನನಗೆ ಈ ಓದಿನ ಗರಜು ಬಂದದ್ದು ನಮ್ಮ ಸೀಮೆಯ ಒಬ್ಬ ಹಳೆಯ ವಿದ್ಯಾರ್ಥಿನಿಯಿಂದ. ಶಾಲೆಯಲ್ಲಿದ್ದಾಗ ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಿನ ಮೇಲೆ ಗೆರೆ ತುಳಿಯದೆ ಎಂಟೂ ಮನೆ ದಾಟುತ್ತಿದ್ದ ಹುಡುಗಿ. ಮದುವೆಯಾಗಿ, ಒಂದು ಮಗುವಾದ ಮೇಲೆ ಒಂದು ಕಣ್ಣು ಮಂಜಾಗಿ ತಾನಾಗಿಯೇ ಸರಿಹೋಯಿತು. ವರ್ಷದ ನಂತರ ಬಲಗಾಲು ಎಳೆಯತೊಡಗಿತು. ನಮ್ಮೂರಿನ ದರ್ಗಾ ಹರಕೆಗೆ ಹೆಸರಾದದ್ದು. ಸಂತ ಶಿಶುನಾಳ ಷರೀಫರ ತಂದೆತಾಯಿಗಳೂ ಸಂತಾನಕ್ಕಾಗಿ ಇಲ್ಲಿ ಹರಕೆ ಹೊತ್ತವರೆಂಬ ಪ್ರತೀತಿಯಿದೆ. ಅವಳ ಮನೆಯವರೂ ಹರಕೆ ಹೊತ್ತರು, ನಾಟಿ ಔಷಧ ಮಾಡಿಸಿದರು, ಶಿಗ್ಗಾವಿಯಲ್ಲಿ ಸಲಾಯಿನ್ ಹಾಕಿಸಿದರು. ಕೊನೆಗೆ ಹುಬ್ಬಳ್ಳಿಯಲ್ಲಿ ಎಂ.ಆರ್.ಐ. ಆದ ಮೇಲೆ ರೋಗದ ಹೆಸರು ತಿಳಿಯಿತು. ಇಷ್ಟಾಗುವಲ್ಲಿ ಮೂರು ವರ್ಷ ಕಳೆದಿತ್ತು.

ಹೆಸರು ತಿಳಿದ ಮೇಲೆ ಮನೆಯಲ್ಲಿ ಆದದ್ದೇ ನನಗೆ ಮುಖ್ಯವೆನಿಸುವುದು. ಅವಳ ಅತ್ತೆ ಒಳ್ಳೆಯ ಹೆಣ್ಣುಮಗಳು. ನೀರಿನ ಕೊಡ ಕಸಿದುಕೊಂಡರು, ಕಸಬರಿಗೆ ಕಸಿದುಕೊಂಡರು. "ನೀ ಕುಂದರವ್ವಾ, ನಾ ಮಾಡ್ತೀನಿ" ಎಂಬುದು ದಿನವಿಡೀ ಅವರ ಮಾತು. ಆರು ತಿಂಗಳಲ್ಲಿ ಸೊಸೆ ಹಾಸಿಗೆಯಿಂದ ಎದ್ದು ಪಡಸಾಲೆಗೆ ಬರುವುದೇ ದೊಡ್ಡ ಪ್ರಯಾಣವಾಯಿತು. ರೋಗ ಬೆಳೆಯಿತೆಂದೇ ಎಲ್ಲರೂ ತಿಳಿದರು. ಮತ್ತೊಂದು ಎಂ.ಆರ್.ಐ.ಯಲ್ಲಿ ಹೊಸ ಕಲೆಗಳಿರಲಿಲ್ಲ. ಆಗ ಒಬ್ಬ ತರುಣ ಫಿಜಿಯೋಥೆರಪಿ ತಜ್ಞರು, ಈ ಕಾಲು ಅರ್ಧ ರೋಗದಿಂದ ಸೋತಿದೆ, ಇನ್ನರ್ಧ ಕೂತು ಸೋತಿದೆ ಎಂದು ಬಿಡಿಸಿ ಹೇಳಿದರು. ಅಂದಿನಿಂದ ಅಡುಗೆ ಕಟ್ಟೆಯನ್ನು ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಎದ್ದು ಕೂಡ್ರುವುದು, ಗೋಡೆಯ ಬದಿಗೆ ಪಾದ ಜೋಡಿಸಿ ನಿಲ್ಲುವುದು, ಹೀಗೆ ಶುರುವಾಯಿತು. ಮೊದಲ ದಿನ ಮೂರು ಬಾರಿ ಎದ್ದಳು. ಎರಡು ತಿಂಗಳಿಗೆ ಇಪ್ಪತ್ತು ಬಾರಿ. ಬಲಗಾಲು ಇಂದಿಗೂ ಎಳೆಯುತ್ತದೆ, ಕೋಲು ಬಿಟ್ಟಿಲ್ಲ. ಆದರೆ ಮಗನನ್ನು ಕರೆತರಲು ಶಾಲೆಯ ಗೇಟಿನವರೆಗೆ ತಾನೇ ನಡೆದು ಹೋಗುತ್ತಾಳೆ. ಒಮ್ಮೆ ಭೇಟಿಯಾದಾಗ ಹೇಳಿದಳು: "ಸರ, ನನಗ ಕುಂದರು ಅನ್ನವರು ಭಾಳ ಮಂದಿ ಇದ್ದರ್ರಿ. ಏಳು ಅಂದವರು ಅವರೊಬ್ಬರ."

ಅತ್ತೆಯವರನ್ನು ದೂರುವುದಕ್ಕಾಗಿ ಇದನ್ನು ಬರೆಯಲಿಲ್ಲ. ಯುರೋಪು, ಅಮೆರಿಕಗಳ ದೊಡ್ಡ ದೊಡ್ಡ ವೈದ್ಯರು ಶತಮಾನವಿಡೀ ಮಾಡಿದ್ದನ್ನೇ ಆ ತಾಯಿ ಆರು ತಿಂಗಳು ಮಾಡಿದರು, ಅದೂ ಪ್ರೀತಿಯಿಂದ. ನಮ್ಮಲ್ಲಿ ರೋಗಿಯನ್ನು ಎಬ್ಬಿಸುವುದು ನಿರ್ದಯೆಯಂತೆಯೂ ಮಲಗಿಸುವುದು ಸೇವೆಯಂತೆಯೂ ಕಾಣುತ್ತದೆ. ಜ್ವರಕ್ಕೆ ಅದು ಸರಿ. ವರ್ಷಗಟ್ಟಲೆ ಜೊತೆಗಿರುವ ರೋಗಕ್ಕೆ ಸರಿಯಲ್ಲ.

ಹಾಗೆಂದು ಗರಡಿಯ ಆವೇಶವೂ ಇಲ್ಲಿ ಸಲ್ಲದು. ರೋಗದ ಹೊಸ ದಾಳಿ ನಡೆಯುತ್ತಿರುವಾಗ ವೈದ್ಯರನ್ನು ಕಾಣಬೇಕೇ ಹೊರತು ವ್ಯಾಯಾಮ ಹೆಚ್ಚಿಸುವುದಲ್ಲ. ಈ ರೋಗದ ದಣಿವು ಸೋಮಾರಿತನವಲ್ಲ, ಅದೂ ರೋಗದ ಒಂದು ಲಕ್ಷಣ. ನಡುನಡುವೆ ವಿರಾಮ ಬೇಕೇಬೇಕು. ನಮ್ಮ ಕಡೆಯ ಚೈತ್ರ ವೈಶಾಖದ ಬಿಸಿಲಿನಲ್ಲಿ ಊಟ್‌ಹಾಫ್ ಕಂಡದ್ದನ್ನು ಯಾರೂ ಕಾಣಬಹುದು. ಆದ್ದರಿಂದ ಅಭ್ಯಾಸಕ್ಕೆ ಬೆಳಗಿನ ತಂಪೇ ಲೇಸು; ಕುತ್ತಿಗೆಗೆ ಒಂದು ಒದ್ದೆ ಬಟ್ಟೆ ಇದ್ದರೆ ಇನ್ನೂ ಲೇಸು. ಮನೆಯಲ್ಲಿ ಎತ್ತರದ ಹೊಸ್ತಿಲಿಗೆ ಬಣ್ಣದ ಪಟ್ಟಿ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ರಾತ್ರಿ ಒಂದು ಸಣ್ಣ ದೀಪ, ಕಾಲಿಗೆ ಜಾರುವ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ. ಯಾವ ಅಭ್ಯಾಸ, ಎಷ್ಟು ಬಾರಿ ಎಂಬುದನ್ನು ಬಲ್ಲ ಫಿಜಿಯೋಥೆರಪಿ ತಜ್ಞರಿಂದ ಒಮ್ಮೆಯಾದರೂ ನೋಡಿಸಿ ಕಲಿತುಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ಅಂಥ 128 ಜನ ಇದ್ದಾರೋ, ಇನ್ನೂ ಕಡಿಮೆಯೋ, ಹೆಚ್ಚೋ, ಮನೆಮನೆಗೆ ಹೋಗಿ ಎಣಿಸಿದರಷ್ಟೇ ತಿಳಿದೀತು. ಇರುವವರಲ್ಲಿ ಕೆಲವರಾದರೂ ಈ ಹೊತ್ತಿನಲ್ಲಿ ಯಾವುದೋ ಪಡಸಾಲೆಯ ಮೂಲೆಯಲ್ಲಿ, ಮನೆಯವರ ಪ್ರೀತಿಯ ನೆರಳಿನಲ್ಲಿ, ಎದ್ದೇಳಬಹುದಾಗಿದ್ದೂ ಕುಳಿತಿರಬಹುದು. ಅಂಥವರ ಕೈಯಿಂದ ನೀರಿನ ಕೊಡವನ್ನು ಪೂರಾ ಕಸಿದುಕೊಳ್ಳುವುದು ಬೇಡ. ಸಣ್ಣ ತಂಬಿಗೆಯಲ್ಲಿ ಅರ್ಧ ನೀರು ತುಂಬಿ ಕೊಡೋಣ. ನಾವು ಪಕ್ಕದಲ್ಲಿ ನಡೆಯೋಣ.